ಹಿನ್ನೀರಿಗೆ ರಾಜಹಂಸ ಬಂದಾವು, ನೋಡಾಕ ಹೋಗೋರು ಇದನ್ನ ಓದಿ ಹೋಗ್ರಿ

ಹಿನ್ನೀರು_ಬಾಗಲಕೋಟಿ

ಈ ವರ್ಷ ರಾಜಹಂಸ, ಅಂದ್ರ ಫ್ಲೆಮಿಂಗೋ, ಬಂದಾವೇನ್ರಿ ಅಂತ ಭಾಳ ಮಂದಿ ಕೇಳಾಕತ್ತಿದ್ರಿ. ಬಂದಾವ್ರಿ. ಹೋದ ರವಿವಾರ ನಾವೊಂದಿಷ್ಟು ಮಂದಿ ಮುಂಜಾನಿಂದ ಸಂಜೀತನಕ ಆಲಮಟ್ಟಿ ಹಿನ್ನೀರಿನ ದಂಡಿಗೆ ಕುಂತು ನೋಡ್ಕೊಂಡು ಬಂದ್ವಿ. ಅದನ್ನೂ ಹೇಳ್ತೀನಿ, ಅದರ ಜೊತಿಗೆ ಹೇಳಲೇಬೇಕಾದ ಇನ್ನೊಂದು ವಿಷಯ ಐತಿ, ಅದಕ್ಕ ಪೋಸ್ಟ್ ಉದ್ದ ಆಗೇತಿ, ದಯಮಾಡಿ ಪೂರ್ತಿ ಓದ್ರಿ.

ಹೊಸಬರಿಗೆ ಮೊದಲ ಒಂದು ಮಾತು. ಆಲಮಟ್ಟಿ ಡ್ಯಾಮ್ 519.60 ಮೀಟರಿಗೆ ತುಂಬಿ ನಿಂತಾಗ ಹೋದ್ರ ಉಪಯೋಗಿಲ್ಲ, ಕಣ್ಣಿಗೆ ಬರೇ ನೀರು ಕಾಣ್ತೈತಿ. ಕಾಲುವಿಗೆ ನೀರು ಬಿಡ್ತಾ ಬಿಡ್ತಾ ಜನವರಿ ದಾಟಿದ ಮ್ಯಾಲ ಹಿನ್ನೀರು ಹಿಂದ ಸರೀತೈತಿ, ಆವಾಗ ಬಾಗಲಕೋಟಿ, ಬೀಳಗಿ ಕಡಿ ಎರಿಮಣ್ಣಿನ ರಾಡಿ ಬಯಲಾಗ್ತೈತಿ, ಅದರ ಅಂಚಿಗೆ ಮೊಣಕಾಲುದ್ದ ನೀರು ದೂರದ ತನಕ ಹರಡ್ಕೊಂಡು ನಿಲ್ತೈತಿ. ಆ ನೀರಾಗಿನ ಪಾಚಿ, ರಾಡಿಯೊಳಗಿನ ಸಣ್ಣ ಹುಳ, ಕಣ್ಣಿಗೆ ಕಾಣದಂಥಾ ಸೀಗಡಿ ಜಾತಿ ಜೀವ, ಇವಕ್ಕ ಅಂತ ರಾಜಹಂಸ ಬರ್ತಾವು. ಭಾರತದಾಗ ಇವು ದೊಡ್ಡ ಪ್ರಮಾಣದಾಗ ಮರಿ ಮಾಡೂದು ಗುಜರಾತಿನ ಕಛ್ ರಣದಾಗ. ಅಲ್ಲಿಂದ ನಮ್ಮ ಕೃಷ್ಣಾ ಹೊಳಿ ತನಕ ಅವಕ್ಕ ದಾರಿ ಯಾರು ತೋರಿಸಿದ್ರೋ.

ನಾವು ಕತ್ತಲಿದ್ದಾಗ ನವನಗರ ಬಿಟ್ವಿ, ಬೆಳಕು ಹರಿಯೂದ್ರಾಗ ಜಾಲಿಗಿಡದ ಮರಿಗೆ ಕುಂತಿದ್ವಿ. ನಿಂತವರನ್ನ ಹಕ್ಕಿ ದೂರದಿಂದ ಗುರುತು ಹಿಡೀತಾವು, ಕುಂತವರನ್ನ ಸ್ವಲ್ಪ ಹೊತ್ತಿಗೆ ಮರ್ತಬಿಡ್ತಾವು, ಇದು ನಾನು ಕಂಡಿದ್ದು. ಮೊದಲ ಅವು ದೂರದಾಗ ಇದ್ವು, ದುರ್ಬೀನಿನ್ಯಾಗ ಬೆಳ್ಳಗ ಒಂದು ಗೆರಿ ಅಷ್ಟ. ಬಿಸಿಲು ಏರಿದಂಗ ತಾವ ಮೇಯ್ಕೊಂತ ನಮ್ಮ ಕಡಿ ಬಂದ್ವು. ತಲಿ ಪೂರ್ತಿ ಉಲ್ಟಾ ಮಾಡಿ ಕೊಕ್ಕು ನೀರಾಗ ಹಾಕ್ತಾವು, ಮ್ಯಾಲಿನ ಕೊಕ್ಕು ಕೆಳಗ ಆಗ್ತೈತಿ. ನಾಲಿಗಿಯಿಂದ ನೀರು ಒಳಗ ಎಳದು ಹೊರಗ ನೂಕ್ತಾವು, ಕೊಕ್ಕಿನ ಅಂಚು ಜರಡಿ ಇದ್ದಂಗ ಐತಿ, ತಿನ್ನೂದು ಒಳಗ ಉಳೀತೈತಿ, ನೀರು ರಾಡಿ ಹೊರಗ ಹೋಗ್ತೈತಿ. ಕೆಲವು ಒಂದ ಜಾಗಾದಾಗ ಕಾಲಿಂದ ರಾಡಿ ತುಳಕೊಂತ ಸುತ್ತ ತಿರಗ್ತಿದ್ವು, ಕೆಳಗಿನ ಹುಳ ಮ್ಯಾಲ ಏಳ್ಲಿ ಅಂತ. ಗುಂಪಿನ್ಯಾಗ ಬೂದು ಬಣ್ಣದ ಮರಿಗಳೂ ಇದ್ವು, ಅವಕ್ಕ ಇನ್ನೂ ಗುಲಾಬಿ ಬಂದಿಲ್ಲ, ಆ ಬಣ್ಣ ಹುಟ್ಟಿಂದ ಬರೂದಲ್ಲ, ತಿನ್ನೂ ಪಾಚಿ ಸೀಗಡಿಯೊಳಗಿನ ಕ್ಯಾರೊಟಿನ್‌ದಿಂದ ವರ್ಷಾನುಗಟ್ಟಲೆ ಕೂಡಿ ಬರೂದು.

ಅವುಗಳ ಕಾಲಬುಡಕ್ಕ ಮೆಟ್ಟುಗಾಲು ಹಕ್ಕಿ, ಗಾಡ್‌ವಿಟ್, ರಫ್, ಆಮ್ಯಾಲ ಲಿಟಲ್ ಸ್ಟಿಂಟ್ ಅನ್ನೂ ಪುಟಾಣಿ. ಈ ಸ್ಟಿಂಟ್ ನೋಡ್ರಿ, ಮೂವತ್ತು ಗ್ರಾಂನೂ ತೂಗಂಗಿಲ್ಲ, ಮರಿ ಮಾಡೂದು ಉತ್ತರ ಧ್ರುವದ ಹತ್ರ ಸೈಬೀರಿಯಾದ ಟಂಡ್ರಾದಾಗ. ಎಲ್ಲಾರೂ ರಾಜಹಂಸದ ಫೋಟೋ ಹೊಡ್ಕೊಂಡು ಹೋಗ್ತಾರ, ಇದನ್ನ ಕೇಳಾವರ ಇಲ್ಲ, ನನಗಂತೂ ಆವತ್ತಿನ ದೊಡ್ಡ ಅತಿಥಿ ಅದ. ನೀರು ಆಳ ಇದ್ದಲ್ಲಿ ಪಿನ್‌ಟೇಲ್, ಶವೆಲರ್, ಗಾರ್ಗನಿ ಬಾತು ತೇಲ್ತಿದ್ವು. ಒಂದು ಡೇಗೆ ಬಂದು ನಮ್ಮ ಎದುರಿಗೇ ಕಾಲು ಮುಂದ ಮಾಡಿ ನೀರಿಗೆ ಬಿದ್ದು ಮೀನು ಎತ್ತಿಕೊಂಡು ಹೋತು.

ಈಗ ಹೇಳೂ ವಿಷಯ. ಹತ್ತೂವರಿ ಸುಮಾರಿಗೆ ಒಂದು ಗಾಡಿ ಬಂತು, ಒಂದಿಷ್ಟು ಮಂದಿ ಇಳದ್ರು, ದೊಡ್ಡ ದೊಡ್ಡ ಲೆನ್ಸ್. ಸೀದಾ ರಾಡಿಯೊಳಗ ನಡಕೊಂತ ಹೋದ್ರು, ಒಬ್ಬಾವ ಚಪ್ಪಾಳಿ ಹೊಡದು ಕೂಗಿದ, ಇಡೀ ಗುಂಪು ಎದ್ದು ಹಾರ್ತು, ಅವರು ಟಕಟಕ ಫೋಟೋ ಹೊಡಕೊಂಡ್ರು, ಗಾಡಿ ಹತ್ತಿ ಹೋದ್ರು. ಎಲ್ಲಾ ಸೇರಿ ಕಾಲು ತಾಸು ಇಲ್ಲ. ಹಕ್ಕಿ ಆ ರಾಡಿಗೆ ಸಂಜೀತನಕ ತಿರುಗಿ ಬರಲಿಲ್ರಿ. ಸ್ಟಿಂಟ್ ಗಾಡ್‌ವಿಟ್ ಎಲ್ಲಾ ಅವುಗಳ ಜೋಡಿ ಎದ್ದು ಹೋದ್ವು. ಇಷ್ಟು ದೂರದಿಂದ ಬಂದ ಜೀವಕ್ಕ ನಮ್ಮ ಊರಾಗ ಹೊಟ್ಟಿ ತುಂಬ ಉಣ್ಣಾಕ ಬಿಡಬೇಕು, ನಾನು ಕೇಳೂದು ಇಷ್ಟ.

ಹೆರಕಲ್, ಚಿಕ್ಕಸಂಗಮ ಸುತ್ತಮುತ್ತ ಬರ್ತಾವು ಅಂತ ಪೇಪರ್‌ನಾಗ ಬಂದು ಎಲ್ಲಾರಿಗೂ ಗೊತ್ತೈತಿ, ಆದ್ರ ಈ ವಾರ ಯಾವ ದಂಡಿಗೆ ಅದಾವು ಅಂತ ನಾನು ಇಲ್ಲಿ ಬರ್ಯಾಂಗಿಲ್ಲ, ತಪ್ಪ ತಿಳ್ಕೋಬ್ಯಾಡ್ರಿ.

ಲೆನ್ಸ್_ವಿಜಯಪುರ

ಅಣ್ಣಾರ ಪೋಸ್ಟ್ ಛಲೋ ಐತಿ, ಆದ್ರ ಎಲ್ಲಾ ಫೋಟೋಗ್ರಾಫರ್ ಒಂದ ಅಂತ ಹೇಳಿದಂಗ ಆತು. ನಾನೂ ವರ್ಷಾ ಹೋಗ್ತೀನಿ. ರಾಜಹಂಸ ನಿಂತಾಗ ದೂರದಿಂದ ಬೆಳ್ಳಗ ಕಾಣ್ತಾವು, ರೆಕ್ಕಿ ಬಿಚ್ಚಿದಾಗ ಒಳಗಿನ ಕೆಂಪು, ಅಂಚಿನ ಕಪ್ಪು, ಅದನ್ನ ನೋಡಿದವರು ಬಿಡಾಕ ಆಗಂಗಿಲ್ರಿ. ಆ ಒಂದು ಫೋಟೋ ನೋಡಿ ಎಷ್ಟೋ ಮಂದಿಗೆ ನಮ್ಮ ಜಿಲ್ಲಾದಾಗ ಇಂಥಾ ಹಕ್ಕಿ ಬರ್ತೈತಿ ಅಂತ ಗೊತ್ತಾಗೇತಿ. ಒಮ್ಮೆ ಹಾರಿ ಬ್ಯಾರೆ ಕಡಿ ಕುಂತ್ರ ಏನ ಹಾನಿ ಆತು? ಹಾರೂದು ಹಕ್ಕಿ ಧರ್ಮ ಅಲ್ಲೇನು? ಜಗಳಕ್ಕ ಕೇಳವಲ್ಲೆ, ತಿಳ್ಕೊಳ್ಳಾಕ ಕೇಳಾಕತ್ತೀನಿ.

ಹಿನ್ನೀರು_ಬಾಗಲಕೋಟಿ

ನೀವು ನೇರ ಕೇಳಿದ್ರಿ, ಸಂತೋಷ ಆತು. ನನಗ ತಿಳಿದಷ್ಟು ಹೇಳ್ತೀನ್ರಿ. ಅಷ್ಟು ಭಾರದ ಹಕ್ಕಿ ನೀರಿಂದ ಮ್ಯಾಲ ಏಳಬೇಕಂದ್ರ ಓಡಿ ಓಡಿ ರೆಕ್ಕಿ ಬಡದು ಏಳಬೇಕು, ಅಲ್ಲೇ ಶಕ್ತಿ ಭಾಳ ಖರ್ಚಾಗ್ತೈತಿ. ಒಮ್ಮೆ ಆದ್ರ ತಡಕೋತಾವು. ಆದ್ರ ಶನಿವಾರ ರವಿವಾರ ಒಂದು ಗುಂಪು ಹೋದಮ್ಯಾಲ ಇನ್ನೊಂದು ಗುಂಪು ಬರ್ತೈತಿ, ಅವರೂ ಒಮ್ಮೆ ಹಾರಿಸ್ತಾರ, ಇವರೂ ಒಮ್ಮೆ ಹಾರಿಸ್ತಾರ. ಹಾರಿ ಹೋಗಿ ಕುಂತ ಜಾಗಾದಾಗ ಅಷ್ಟ ತಿನ್ನಾಕ ಸಿಗ್ತೈತಿ ಅಂತ ಏನ ಗ್ಯಾರಂಟಿ? ಅದು ಒಳ್ಳೇ ಜಾಗಾ ಆಗಿದ್ರ ಮೊದಲ ಅಲ್ಲೇ ಇರ್ತಿದ್ವು. ಇನ್ನ ಸಣ್ಣ ಹಕ್ಕಿ ಫೆಬ್ರುವರಿ, ಮಾರ್ಚ್‌ನಾಗ ತಿರುಗಿ ಹೋಗೂ ಪ್ರಯಾಣಕ್ಕ ಮೈಯಾಗ ಕೊಬ್ಬು ಕೂಡಿಸಾಕತ್ತಿರ್ತಾವು, ಸಾವಿರಾರು ಕಿಲೋಮೀಟರಿಗೆ ಅದ ಬುತ್ತಿ. ಆವಾಗ ತಿನ್ನೂ ತಾಸು ಕಳಕೊಂಡ್ರ ತುಂಬಿಕೊಳ್ಳೂದು ಕಷ್ಟ.

ಹಾರೂ ಫೋಟೋ ಬ್ಯಾಡ ಅನ್ನಂಗಿಲ್ಲ. ಅವು ತಾವಾಗೇ ಹಾರ್ತಾವ್ರಿ, ಮುಂಜಾನಿ ಜಾಗಾ ಬದಲಿ ಮಾಡಾಗ, ಸಂಜಿಮುಂದ ಗುಂಪು ಕೂಡಾಗ. ಗಾಳಿ ಯಾವ ಕಡಿಂದ ಬೀಸ್ತೈತಿ ನೋಡ್ರಿ, ಇವು ಗಾಳಿಗೆ ಮುಖ ಮಾಡಿ ಏಳ್ತಾವು, ಅದನ್ನ ಲೆಕ್ಕ ಹಾಕಿ ಕುಂತ್ರ ಸೀದಾ ನಿಮ್ಮ ಕಡೀನ ಬರ್ತಾವು. ನೀವ ಹಾರಿಸಿದ್ರ ನಿಮಗ ಬೆನ್ನು ಮಾಡಿ ಹೋಗ್ತಾವು, ಫೋಟೋದಾಗ ಬಾಲ ಬರ್ತೈತಿ.

ನವನಗರ_ವಕೀಲ

ಕಾನೂನಿನ ಮಾತೂ ಸೇರಿಸ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗ ಬೇಟಿ ಅಂದ್ರ ಕೊಲ್ಲೂದು ಒಂದ ಅಲ್ಲ, ಹಿಡಿಯೂದು, ಬೆನ್ನಟ್ಟೂದು, ಅಟ್ಟೂದು, ಬಲೀ ಒಡ್ಡೂದು, ಅದಕ್ಕ ಪ್ರಯತ್ನ ಮಾಡೂದೂ ಆ ವ್ಯಾಖ್ಯಾನದಾಗ ಅದಾವು. ಚಪ್ಪಾಳಿ ಹೊಡದವರನ್ನೆಲ್ಲಾ ಕೋರ್ಟಿಗೆ ಎಳೀರಿ ಅಂತ ಅಲ್ಲ. ಡ್ರೋನ್ ತಗೊಂಡು ಹಕ್ಕಿ ಗುಂಪಿನ ಮ್ಯಾಲ ಹಾರಿಸೋರು ಮಾತ್ರ ಇದನ್ನ ತಲಿಯಾಗ ಇಟ್ಕೊಂಡಿರಬೇಕು.

ಬೀಳಗಿ_ಒಕ್ಕಲಿಗ

ನಾನು ಹಕ್ಕಿ ನೋಡಾಕ ಹೋಗಾವಲ್ರಿ, ನಮ್ಮ ಹೊಲ ಆ ನೀರಾಗ ಐತಿ ಅದಕ್ಕ ಬರೀತೀನಿ. ನೀವೆಲ್ಲಾ ಹಿನ್ನೀರು ಹಿನ್ನೀರು ಅಂತ ಬರೀತೀರಿ, ಅದರ ಕೆಳಗ ನಮ್ಮ ಹಳೇ ಊರು, ಗುಡಿ, ಬಾವಿ, ಜ್ವಾಳದ ಹೊಲ ಎಲ್ಲಾ ಅದಾವು. ಪರಿಹಾರ ತಗೊಂಡು ಪುನರ್ವಸತಿ ಕೇಂದ್ರಕ್ಕ ಬಂದ್ವಿ, ಬಾಗಲಕೋಟಿ ಅರ್ಧ ಊರ ನವನಗರಕ್ಕ ಹೋತು, ನಿಮಗೆಲ್ಲಾ ಗೊತ್ತೈತಿ. ನೀರು ಇಳದ ಮ್ಯಾಲ ನಮ್ಮಪ್ಪ ಈಗಲೂ ದಂಡಿಗೆ ಹೋಗಿ ನಿಲ್ತಾನ, ಇದು ನಮ್ಮ ಬದು, ಅದು ಅಣ್ಣಾರ ಬದು ಅಂತ ಬಟ್ಟು ಮಾಡಿ ತೋರಸ್ತಾನ. ಅಲ್ಲೇ ಈ ಹಕ್ಕಿ ನಿಂತಿರ್ತಾವು. ಮೊದಲ ಮೊದಲ ನನಗ ಸಿಟ್ಟು ಬರ್ತಿತ್ತು, ನಮ್ಮನ್ನ ಎಬ್ಬಿಸಿ ಇವಕ್ಕ ಜಾಗಾ ಕೊಟ್ರು ಅನ್ಸತಿತ್ತು. ಈಗ ಹಂಗ ಅನ್ಸಂಗಿಲ್ಲ. ಅಪ್ಪ ಅಂತಾನ, ನಮ್ಮ ಹೊಲ ಇನ್ನೂ ಯಾರಿಗರೆ ಉಣ್ಣಾಕ ಹಾಕ್ತೈತಿ ಅಂತ.

ಒಂದು ವಿನಂತಿ. ಗಾಡಿ ತಗೊಂಡು ಬರೋರು ಬಿತ್ತಿದ ಹೊಲದಾಗ ಹಾಸಿ ಬರ್ಬ್ಯಾಡ್ರಿ. ನೀರು ಸರದ ಜಾಗಾದಾಗ ನಾವು ಕಡ್ಲಿ, ಅದೂ ಇದೂ ಬಿತ್ತಿರ್ತೀವಿ. ದಾರಿ ಕೇಳ್ರಿ, ನಾವ ತೋರಸ್ತೀವಿ, ಗಾಡಿ ನಮ್ಮ ಮನಿ ಮುಂದ ಹಚ್ರಿ. ಮಜ್ಜಿಗಿ ಕುಡದು ಹೋಗ್ರಿ.

ಹಿನ್ನೀರು_ಬಾಗಲಕೋಟಿ

ಅಣ್ಣಾರ, ಇದನ್ನ ನೀವು ಬರದದ್ದು ಭಾಳ ಛಲೋ ಆತು. ನಿಮ್ಮ ಅಪ್ಪಾರಿಗೆ ನಮಸ್ಕಾರ ಹೇಳ್ರಿ. ಹಕ್ಕಿ ನೋಡೋರು ಮೊದಲ ಮಾತಾಡಬೇಕಾಗಿದ್ದು ಹೊಲದವರ ಜೋಡಿ, ಮೀನು ಹಿಡಿಯೋರ ಜೋಡಿ. ತೆಪ್ಪದಾಗ ದಿನಾ ಹೋಗಿ ಬಲಿ ಹಾಕೋರಿಗೆ ಯಾವ ಹಕ್ಕಿ ಯಾವ ವಾರ ಬಂತು, ಯಾವ ಕಡಿ ಸರೀತು ಅನ್ನೂದು ನಮಗಿಂತ ಛಲೋ ಗೊತ್ತಿರ್ತೈತಿ.

ಗೋಕಾಕ_ಗಿರಣಿ

ನಮ್ಮ ಕಡಿ ಸುದ್ದಿ. ಧೂಪದಾಳದಾಗ ಬೂದು ಬಣ್ಣದ, ಉದ್ದ ಕಾಲಿನ, ಕುತ್ತಿಗಿ ಕರ್ರಗಿದ್ದ ಹಕ್ಕಿ ಗುಂಪಾಗಿ ಹೊಲದಾಗ ಇಳದಿದ್ವು, ಮಂದಿ ಕೊಕ್ಕರೆ ಅಂತಾರ, ನನಗ ಸಂಶಯ. ಫೋಟೋ ಭಾಳ ದೂರದ್ದು, ಮೊಬೈಲಿಂದು. ಕಣ್ಣಿಂದ ಹಿಂದಕ್ಕ ಬೆಳ್ಳನ ಪುಕ್ಕ ಜೋತುಬಿದ್ದಂಗ ಇತ್ತು. ಏನಿರಬಹುದು?

ಮೈಸೂರಿಂದ_ಬಂದವ್ನು

ಅದು ಡೆಮೊಸೆಲ್ ಕ್ರೇನ್ ಇರ್ಬೇಕು ಸಾರ್. ಕ್ರೇನ್‌ಗಳಲ್ಲೇ ಚಿಕ್ಕದು. ಎದೆ ಮೇಲೆ ಕಪ್ಪು ಗರಿ ಉದ್ದಕ್ಕೆ ಇಳಿಬಿದ್ದಿತ್ತಾ ನೋಡಿ, ಆ ಬಿಳಿ ಪುಕ್ಕ ಮತ್ತೆ ಅದು ಎರಡೂ ಇದ್ರೆ ಅನುಮಾನನೇ ಬೇಡ. ಕಾಮನ್ ಕ್ರೇನ್ ಆಗಿದ್ರೆ ನೆತ್ತಿ ಮೇಲೆ ಕೆಂಪು ಇರುತ್ತೆ, ಬಿಳಿ ಪಟ್ಟೆ ಕುತ್ತಿಗೆ ಉದ್ದಕ್ಕೂ ಹೋಗುತ್ತೆ, ಜೋತು ಬಿದ್ದಿರೋ ಪುಕ್ಕ ಇರಲ್ಲ. ಹಾರುವಾಗ ಕತ್ತು ನೇರಕ್ಕೆ ಚಾಚಿರುತ್ತೆ. ಬೂದು ಬಕ ಆದ್ರೆ ಕತ್ತು ಮಡಚಿಕೊಂಡು ಹಾರುತ್ತೆ, ಅಷ್ಟರಲ್ಲೇ ಗೊತ್ತಾಗ್ಬಿಡುತ್ತೆ.

ಘಟಪ್ರಭಾ ಪಕ್ಷಿಧಾಮಕ್ಕೆ ಇವು ಬರೋದು ಹಳೆ ವಿಷಯ. 1974ರಲ್ಲಿ ಅದನ್ನ ಪಕ್ಷಿಧಾಮ ಅಂತ ಘೋಷಿಸಿದ್ದು, ಬ್ರಿಟಿಷರ ಕಾಲದ ಆ ಧೂಪದಾಳ ಒಡ್ಡಿಂದ ನಿಂತ ನೀರು, ನಡುಗಡ್ಡೆಗಳು, ಹಕ್ಕಿಗಳಿಗೆ ಹೇಳಿ ಮಾಡಿಸಿದ ಜಾಗ. ಯುರೋಪಿಯನ್ ವೈಟ್ ಸ್ಟಾರ್ಕ್ ಕೂಡ ಅಲ್ಲಿಗೆ ಬರುತ್ತೆ. ನಾನು ಬೆಳಗಾವಿಗೆ ಟ್ರಾನ್ಸ್‌ಫರ್ ಆಗಿ ಬಂದಾಗ ಇಲ್ಲೇನಿದೆ ನೋಡೋಕೆ ಅಂತ ಸುಮಾರು ಜನ ಕೇಳಿದ್ರು, ರಂಗನತಿಟ್ಟು ಕಡೆಯೋರಿಗೆ ಈ ಕಡೆ ಗೊತ್ತೇ ಇಲ್ಲ. ಬಯಲುಸೀಮೆ ಹಕ್ಕಿ ಸಂಪತ್ತು ನೋಡ್ಬೇಕು ಅಂದ್ರೆ ಇಲ್ಲಿಗೇ ಬರ್ಬೇಕು ಅಂತ ನಾನೀಗ ಎಲ್ರಿಗೂ ಹೇಳ್ತಿದೀನಿ.

ಗೋಕಾಕ_ಗಿರಣಿ

ಎದಿ ಮ್ಯಾಲ ಕಪ್ಪು ಗರಿ ಇತ್ರಿ, ಖರೇನ! ಧನ್ಯವಾದ ಸರ. ಇವು ಎಲ್ಲಿಂದ ಬರ್ತಾವು?

ಮೈಸೂರಿಂದ_ಬಂದವ್ನು

ಮಂಗೋಲಿಯಾ, ಮಧ್ಯ ಏಷ್ಯಾದ ಹುಲ್ಲುಗಾವಲಿಂದ, ಹಿಮಾಲಯ ದಾಟಿಕೊಂಡು. ರಾಜಸ್ಥಾನದ ಖೀಚನ್ ಊರಲ್ಲಿ ಸಾವಿರಾರು ಇಳಿಯುತ್ವೆ, ಅಲ್ಲಿ ಊರೋರೇ ಕಾಳು ಹಾಕಿ ಸಾಕ್ತಾರೆ, ತಲೆಮಾರಿಂದ. ನಮ್ಮ ಕಡೆಗೆ ಬರೋದು ಅದರಲ್ಲಿ ಸ್ವಲ್ಪ. ಹಂಗಾಗಿ ನಿಮ್ಮ ಆ ಮೊಬೈಲ್ ಫೋಟೋ ಎಷ್ಟೇ ಮಸುಕಾಗಿರಲಿ, ಹಕ್ಕಿ ದಾಖಲೆ ಇಡೋ ವೆಬ್‌ಸೈಟ್ ಆದ ಇ-ಬರ್ಡ್‌ಗೆ ದಿನಾಂಕ ಸಮೇತ ಹಾಕಿ.

ಟೀಚರ್_ಮುಧೋಳ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಸಾಲಿ ಹುಡುಗರನ್ನ ಕರಕೊಂಡು ಹೋಗಬೇಕಂತ ಭಾಳ ಆಸೆ ಐತಿ. ಹೈಸ್ಕೂಲ್ ಹುಡುಗರು, ಗದ್ದಲ ಮಾಡಿ ಹಕ್ಕಿ ಓಡಿಸ್ತಾರೇನೋ ಅಂತ ಈ ಪೋಸ್ಟ್ ಓದಿ ಹೆದರಿಕಿ ಆಗಾಕತ್ತೈತಿ. ಕರಕೊಂಡು ಹೋಗಬಹುದಾ, ಬ್ಯಾಡಾ? ದುರ್ಬೀನು ನಮ್ಮ ಸಾಲ್ಯಾಗ ಇಲ್ಲ.

ಹಿನ್ನೀರು_ಬಾಗಲಕೋಟಿ

ಅಕ್ಕಾರ, ಕರಕೊಂಡ ಬರ್ರಿ, ಅವಶ್ಯ ಬರ್ರಿ. ಹುಡುಗರು ಕಾಣದಿದ್ರ ಮುಂದ ಇದನ್ನ ಉಳಸವರು ಯಾರು? ದುರ್ಬೀನು, ಸ್ಟ್ಯಾಂಡಿನ ಮ್ಯಾಲ ಇಡೂ ಸ್ಕೋಪ್ ನಾವು ತರ್ತೀವಿ, ಸ್ಕೋಪಿನ್ಯಾಗ ಒಬ್ಬೊಬ್ಬರಾಗಿ ನೋಡಿದ್ರ ಹತ್ರ ಹೋಗೂ ಪ್ರಶ್ನೇನ ಬರಂಗಿಲ್ಲ. ಸಣ್ಣ ಗುಂಪು ಮಾಡ್ರಿ. ಬಣ್ಣ ಬಣ್ಣದ ಅಂಗಿ ಬ್ಯಾಡ ಅನ್ರಿ, ಮಣ್ಣಿನ ಬಣ್ಣ, ಹಸರು ಇದ್ರ ಸಾಕು. ಬುತ್ತಿ ಕಟ್ಟಿಸಿಕೊಂಡು ಬರ್ರಿ, ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಕುರುಕುರೆ ಪಾಕೀಟು ಬ್ಯಾಡ, ಅದರ ಸಪ್ಪಳನೂ ಬ್ಯಾಡ, ಗಾಳಿಗೆ ಹಾರಿ ನೀರಿಗೆ ಬೀಳೂದೂ ಬ್ಯಾಡ. ಟೊಪಿಗಿ, ನೀರು ಮರೀಬ್ಯಾಡ್ರಿ, ಹನ್ನೊಂದರ ಮ್ಯಾಲ ಎರಿಭೂಮಿ ಬಿಸಿಲು ಹುಡುಗರಿಗೆ ತಡ್ಯಾಂಗಿಲ್ಲ.

ಮತ್ತ ಹುಡುಗರಿಗೆ ಪಟ್ಟಿ ಕೊಟ್ಟು ಹೆಸರು ಬರೀರಿ ಅನ್ನೂದಕ್ಕಿಂತ ಒಂದ ಹಕ್ಕೀನ ಹತ್ತು ನಿಮಿಷ ನೋಡಿ ಅದು ಏನೇನ ಮಾಡ್ತು ಬರೀರಿ ಅನ್ರಿ.

ಕೊಲ್ಹಾರ_ಸೇತುವಿ

ಬಿಜಾಪುರ ಕಡಿಂದ ಬರೋರು ಕೊರ್ತಿ ಕೊಲ್ಹಾರ ಸೇತುವಿ ಹತ್ರಾನೂ ನಿಂತು ನೋಡ್ರಿ, ಎಲ್ಲಾರೂ ಗಡಿಗಿ ಮೊಸರು ತಗೊಂಡು ಮುಂದ ಹೋಗ್ತಾರ, ಬಾಜೂಕ ನೀರಾಗ ಏನೈತಿ ನೋಡಂಗಿಲ್ಲ. ಬ್ರೌನ್ ಹೆಡೆಡ್ ಗಲ್, ರೀವ ಹಕ್ಕಿ (ಟರ್ನ್), ನೀರುಕಾಗಿ ಸಾಲಾಗಿ ಕುಂತಿರ್ತಾವು. ಸೇತುವಿ ಮ್ಯಾಲ ಗಾಡಿ ನಿಲ್ಲಸಬ್ಯಾಡ್ರಿ, ಲಾರಿ ಭಾಳ ಜೋರು ಬರ್ತಾವು, ದಂಡಿಗೆ ಇಳದು ನೋಡ್ರಿ.

ನೀರಿನ ಹಕ್ಕಿ ಅಷ್ಟ ಅತಿಥಿ ಅಲ್ರಿ. ನಮ್ಮ ಹೊಲದಾಗ ಬರೂ ಗುಲಾಬಿ ಕಬ್ಬಕ್ಕಿ ಯಾರೂ ಹೇಳವಲ್ರಿ. ಬಿಳಿಜ್ವಾಳ ತೆನಿ ಹಾಲಗಾಳು ಆಗೂ ಹೊತ್ತಿಗೆ ಸಾವಿರಗಟ್ಟಲೆ ಬಂದು ಇಳೀತಾವು. ಮೈ ಗುಲಾಬಿ, ತಲಿ ರೆಕ್ಕಿ ಕರ್ರಗ. ಕಜಕಿಸ್ತಾನದ ಕಡಿಂದ ಬರ್ತಾವಂತ. ನಾವು ಸಣ್ಣವರಿದ್ದಾಗ ಅಟ್ಟಣಿಗಿ ಮ್ಯಾಲ ನಿಂತು ಕವಣಿ ಬೀಸಿ ಹಕ್ಕಿ ಕಾಯ್ತಿದ್ವಿ, ಸಂಜಿಮುಂದ ಅದ ಹೊಲದಾಗ ಸೀತನಿ ತಿಂತಿದ್ವಿ. ಜ್ವಾಳ ತಿಂತಾವು ಖರೆ, ಆದ್ರ ಮಿಡತಿಯೂ ಅಷ್ಟ ತಿಂತಾವು. ಸಂಜಿಗೆ ಗಿಡದಾಗ ಕೂಡೂ ಮುಂಚೆ ಆಕಾಶದಾಗ ಇಡೀ ಹಿಂಡು ಒಮ್ಮೆ ಹಿಂಗ ಒಮ್ಮೆ ಹಂಗ ಹೊಳ್ಳೂದು ನೋಡಿದ್ರ ರಾಜಹಂಸ ನೋಡಿದ್ದಕ್ಕ ಕಡಿಮಿ ಇಲ್ಲ.

ಹುಲ್ಲುಗಾವಲು

ಕೊಲ್ಹಾರದವರು ಹೇಳಿದ್ದಕ್ಕ ನನ್ನದೂ ಸೇರಸ್ತೀನಿ. ಬೀಳಗಿ ಮುಧೋಳ ನಡುವಿನ ಯಡಹಳ್ಳಿ ಚಿಂಕಾರ ಧಾಮ (2016ರಾಗ ಘೋಷಣಾ ಆತು) ಅಲ್ಲೆಲ್ಲಾ ಚಳಿಗಾಲದಾಗ ಹ್ಯಾರಿಯರ್ ಹದ್ದು ನೋಡ್ರಿ. ಹುಲ್ಲಿನ ಮ್ಯಾಲ ಒಂದಾಳೆತ್ತರಕ್ಕ ತೇಲಿಕೊಂಡು ಹೋಗ್ತಾವು, ಮಿಡತಿ, ಇಲಿ, ಸಣ್ಣ ಹಕ್ಕಿ ಹಿಡೀತಾವು. ಇದರಾಗ ಪ್ಯಾಲಿಡ್, ಮೊಂಟಾಗು ಅಂತ ಜಾತಿ ಅದಾವು. ಗಂಡು ಪ್ಯಾಲಿಡ್ ಬೆಳ್ಳಗ, ರೆಕ್ಕಿ ತುದಿಗೆ ಸಣ್ಣ ಕಪ್ಪು ಚೂಪು. ಗಂಡು ಮೊಂಟಾಗು ಸ್ವಲ್ಪ ದಟ್ಟ ಬೂದಿ, ರೆಕ್ಕಿ ಮ್ಯಾಲ ಅಡ್ಡ ಕಪ್ಪು ಗೆರಿ ಇರ್ತೈತಿ. ಹೆಣ್ಣು ಎರಡೂ ಒಂದ ನಮೂನಿ, ಅನುಭವ ಇದ್ದವರೂ ಹೌದೋ ಅಲ್ಲೋ ಅಂತ ನಿಲ್ತಾರ. ಇವು ರಾತ್ರಿ ಗಿಡದಾಗ ಕೂಡಂಗಿಲ್ಲ, ಹುಲ್ಲಿನ್ಯಾಗ ನೆಲದ ಮ್ಯಾಲ ಗುಂಪಾಗಿ ಮಲಗ್ತಾವು. ಹುಲ್ಲಿಗೆ ಬೆಂಕಿ ಹಚ್ಚಿದ್ರ, ಬಯಲೆಲ್ಲಾ ಉತ್ತಿದ್ರ ಇವಕ್ಕ ಮಲಗೂ ಜಾಗಾನ ಹೋತು. ಸರ್ಕಾರಿ ಕಾಗದದಾಗ ಇಂಥಾ ನೆಲಕ್ಕ ಬಂಜರು ಅಂತ ಬರೀತಾರ, ಅದು ನನಗ ಭಾಳ ನೋವು ಕೊಡ್ತೈತಿ. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇದ್ದಿದ್ದು ಇಂಥಾ ಬಯಲಿನ್ಯಾಗ, ನಮ್ಮ ಅಜ್ಜಾರು ಕಂಡಿದ್ದ ಹಕ್ಕಿ ಈಗ ಇಡೀ ದೇಶದಾಗ ಇನ್ನೂರು ಸಹಿತ ಉಳದಿಲ್ಲ.

ಲೆನ್ಸ್_ವಿಜಯಪುರ

ಮ್ಯಾಲ ಹೇಳಿದ್ದೆಲ್ಲಾ ಓದಿದೆ. ಗಾಳಿಯ ವಿಷಯ ಉಪಯೋಗ ಆತು, ಈ ಶನಿವಾರ ಹಂಗ ಕುಂತು ನೋಡ್ತೀನಿ. ಒಂದು ಪ್ರಶ್ನೆ ಉಳದೈತಿ. ಜಾಗಾ ಹೇಳಾಂಗಿಲ್ಲ ಅಂತೀರಿ, ಇ-ಬರ್ಡ್‌ಗೆ ಹಾಕ್ರಿ ಅಂತನೂ ಹೇಳ್ತೀರಿ. ಎರಡೂ ಹ್ಯಾಂಗ?

ಮೈಸೂರಿಂದ_ಬಂದವ್ನು

ಒಳ್ಳೆ ಪ್ರಶ್ನೆ ಸಾರ್. ನಾನು ಮಾಡೋದು ಹೀಗೆ: ಹಕ್ಕಿ ಅಲ್ಲಿಂದ ಹೊರಟು ಹೋದ್ಮೇಲೆ ಚೆಕ್‌ಲಿಸ್ಟ್ ಹಾಕ್ತೀನಿ, ಇಲ್ಲಾ ಅಂದ್ರೆ ದೊಡ್ಡ ಪ್ರದೇಶದ ಹೆಸರು ಕೊಟ್ಟು ಹಾಕ್ತೀನಿ, ಹೊಲದ ಬದು ತನಕ ಪಿನ್ ಹಾಕಲ್ಲ. ದಾಖಲೆ ಬೇಕೇ ಬೇಕು. ಜನವರಿಯಲ್ಲಿ ನಡೆಯೋ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್, ಫೆಬ್ರವರಿಯ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್, ಇದ್ರಲ್ಲಿ ಬೆಂಗಳೂರು ಮೈಸೂರಿಂದ ರಾಶಿ ಪಟ್ಟಿ ಬರುತ್ತೆ, ಉತ್ತರ ಕರ್ನಾಟಕದಿಂದ ಅಷ್ಟು ಬರಲ್ಲ. ದಾಖಲೆ ಇಲ್ಲದ ಕೆರೆ ಪರವಾಗಿ ನಾಳೆ ಮಾತಾಡೋಕೆ ನಮ್ಮ ಕೈಯಲ್ಲಿ ಏನೂ ಇರಲ್ಲ. ಗದಗ ಜಿಲ್ಲೆ ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿ ಸೇರ್ತಲ್ಲ, ಅಲ್ಲಿಗೆ ಬರೋ ಪಟ್ಟೆತಲೆ ಬಾತುಗಳನ್ನ ವರ್ಷಾನುಗಟ್ಟಲೆ ಎಣಿಸಿ ಬರೆದಿಟ್ಟೋರು ಇದ್ರು.

ಟೀಚರ್_ಮುಧೋಳ

ಪಟ್ಟೆತಲೆ ಬಾತು ಅಂದ್ರ ಹಿಮಾಲಯದ ಮ್ಯಾಲ ಹಾರೂದು ಅದ ಏನ್ರಿ? ಪಾಠದಾಗ ಹುಡುಗರಿಗೆ ಹೇಳಿದ್ದೆ.

ಮೈಸೂರಿಂದ_ಬಂದವ್ನು

ಅದೇ ಮೇಡಂ. ತಲೆ ಹಿಂದೆ ಎರಡು ಕಪ್ಪು ಪಟ್ಟೆ. ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅವುಗಳ ರಕ್ತದ ಹಿಮೋಗ್ಲೋಬಿನ್ ಬೇರೆ ಬಾತುಗಳಿಗಿಂತ ಚೆನ್ನಾಗಿ ಆಮ್ಲಜನಕ ಹಿಡಿದುಕೊಳ್ಳುತ್ತೆ. ಕೆಲವಕ್ಕೆ ಮಂಗೋಲಿಯಾದಲ್ಲಿ ಹಾಕಿದ ಬಣ್ಣದ ಕೊರಳಪಟ್ಟಿ ಇರುತ್ತೆ, ಅದರ ಮೇಲೆ ಅಕ್ಷರ ನಂಬರು. ಮಕ್ಕಳು ಅದನ್ನ ಓದಿ ಬರೆದುಕೊಂಡ್ರೆ ಆ ಹಕ್ಕಿ ಎಲ್ಲಿಂದ ಬಂತು ಅಂತ ಪತ್ತೆ ಆಗುತ್ತೆ. ಕಾಲಿಗೆ ಉಂಗುರ ಇದ್ರೆ ಹಕ್ಕಿ ಅಧ್ಯಯನ ಮಾಡೋ ಸಂಸ್ಥೆ, ಮುಂಬೈನ ಬಿಎನ್‌ಎಚ್‌ಎಸ್‌ಗೆ ತಿಳಿಸಿ.

ಅಂಬಿಗರ_ಓಣಿ

ಎಲ್ಲಾರೂ ಫೆಬ್ರುವರಿ ಮಾರ್ಚ್ ಮಾತಾಡ್ತೀರಿ. ಏಪ್ರಿಲ್ ಮೇದಾಗ ನೀರು ಇನ್ನೂ ಇಳದಾಗ ನಡುಗಡ್ಡಿ ಏಳ್ತಾವು, ಅದರ ಮ್ಯಾಲ ರೀವ ಹಕ್ಕಿ ಬರೇ ಉಸುಕಿನ ಮ್ಯಾಲ ತತ್ತಿ ಇಡ್ತಾವು, ಗೂಡೂ ಇಲ್ಲ ಏನೂ ಇಲ್ಲ. ತತ್ತಿ ಕಲ್ಲಿನ ಬಣ್ಣ, ತುಳದ್ರೂ ಗೊತ್ತಾಗಂಗಿಲ್ಲ. ದುಡ್ಡು ಜಾಸ್ತಿ ಕೊಡ್ತೀವಿ ನಡುಗಡ್ಡಿಗೆ ಬಿಡ್ರಿ ಅಂತ ಬರ್ತಾರ. ನಾವು ಒಲ್ಲೆ ಅಂತೀವಿ. ತಾಯಿ ಎದ್ದು ಹೋದ್ರ ಆ ಬಿಸಲಾಗ ತತ್ತಿ ಅಲ್ಲೇ ಬೆಂದು ಹೋಗ್ತೈತಿ. ತೆಪ್ಪದಾಗ ಕುಂತು ದೂರದಿಂದ ನೋಡ್ತೀವಿ ಅನ್ನೋರು ಬರ್ರಿ, ಕರಕೊಂಡ ಹೋಗ್ತೀವಿ. ಇಳಿಸಂಗಿಲ್ಲ.

ಹಿನ್ನೀರು_ಬಾಗಲಕೋಟಿ

ಕಾಕಾ, ನಿಮ್ಮಂಥವರು ಇರೂದಕ್ಕ ಅವು ಇನ್ನೂ ಅದಾವು.

ನವನಗರ_ವಕೀಲ

ಒಂದು ವಿಷಯ ಯಾರೂ ಎತ್ತಲಿಲ್ಲ. ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನಾದ ಮೂರನೇ ಹಂತದಾಗ ಆಲಮಟ್ಟಿ ಡ್ಯಾಮಿನ ಎತ್ತರ 519.60ರಿಂದ 524.256 ಮೀಟರಿಗೆ ಏರಿಸೂದೈತಿ, ಎರಡನೇ ಕೃಷ್ಣಾ ನ್ಯಾಯಾಧಿಕರಣ 2010ರಾಗ ಒಪ್ಪಿದ್ದು. ನೀರಾವರಿ ಬೇಕು, ನಾನು ವಿರೋಧಿ ಅಲ್ಲ, ಒಣ ಜಿಲ್ಲಾದಾಗ ನೀರಿನ ಬೆಲಿ ನಮಗ ಗೊತ್ತು. ಆದ್ರ ಏರಿದ ನೀರು ಇಳಿಯೂ ಹೊತ್ತಿಗೆ ಈ ರಾಡಿ ಬಯಲು ಎಲ್ಲಿ ಬರ್ತೈತಿ, ಎಷ್ಟು ದಿನ ಇರ್ತೈತಿ, ಅದನ್ನ ಈಗಿಂದ ನೋಡಿ ಬರದಿಡಬೇಕಲ್ಲ?

ಬೀಳಗಿ_ಒಕ್ಕಲಿಗ

ಮೊದಲ ಮುಳುಗೂ ಊರಿನ ಮಂದೀಗೆ ಸರಿಯಾದ ಪರಿಹಾರ ಬರ್ಲಿ, ವಕೀಲ್ರ. ಅದಾದ ಮ್ಯಾಲ ಹಕ್ಕಿದು ಮಾತಾಡೂನು.

ನವನಗರ_ವಕೀಲ

ಅದರಾಗ ಎರಡು ಮಾತಿಲ್ರಿ. ಮಂದಿ ಮೊದಲ. ಎರಡನ್ನೂ ಕೂಡೇ ಕೇಳೂನು ಅಂತ ನನ್ನ ಅಭಿಪ್ರಾಯ, ಯಾಕಂದ್ರ ಹಳೇ ಬದು, ಹಳೇ ಊರಿನ ಎತ್ತರ, ನೀರು ಯಾವ ತಿಂಗಳ ಎಲ್ಲಿಗೆ ಬರ್ತೈತಿ, ಇದು ನಿಮ್ಮ ಅಪ್ಪಾರಂಥವರಿಗೆ ಗೊತ್ತಿದ್ದಷ್ಟು ಯಾವ ನಕ್ಷಾದಾಗೂ ಇಲ್ಲ. ಅವರು ಹೇಳ್ತಾರಂದ್ರ ನಾನು ಬಂದು ಕುಂತು ಬರಕೋತೀನಿ.

ಬೀಳಗಿ_ಒಕ್ಕಲಿಗ

ಬರ್ರಿ. ಮುಂಜಾನಿ ಬರ್ರಿ, ಅಪ್ಪ ಮಧ್ಯಾಹ್ನ ಮಲಗ್ತಾನ.

ಟೀಚರ್_ಮುಧೋಳ

ಹಂಗಾದ್ರ ನಮ್ಮ ಹುಡುಗರನ್ನೂ ಅದ ದಿನ ಕರಕೊಂಡು ಬರ್ತೀನಿ, ಹಕ್ಕಿ ನೋಡಿದ ಮ್ಯಾಲ ಅಜ್ಜಾರ ಮಾತು ಅವರ ಬರ್ಕೊಳ್ಳಲಿ. ಹೆಡ್‌ಮಾಸ್ತರ ಒಪ್ಪಿಗಿ ತಗೊಂಡು ತಾರೀಖು ಹೇಳ್ತೀನಿ.

ಹಿನ್ನೀರು_ಬಾಗಲಕೋಟಿ

ಸ್ಕೋಪ್ ನನ್ನ ಕಡಿಂದ. ಲೆನ್ಸ್ ಅಣ್ಣಾರ, ನೀವೂ ಬರ್ರಿ, ಹುಡುಗರಿಗೆ ಕ್ಯಾಮೆರಾದಾಗ ದೂರದಿಂದ ಹ್ಯಾಂಗ ಹೊಡೀಬೇಕು ತೋರಿಸಿಕೊಡ್ರಿ.

ಲೆನ್ಸ್_ವಿಜಯಪುರ

ಬರ್ತೀನ್ರಿ. ಕೊಲ್ಹಾರದಾಗ ಮೊಸರು ತಗೊಂಡು ಬರ್ತೀನಿ, ಎಷ್ಟು ಮಂದಿ ಅಂತ ಮುಂಚೆ ಹೇಳ್ರಿ.